ಡಿವೋರ್ಸ್ ಆದ ಮೇಲೆ ಹೊಡೆದು ಕೈ ಮುರಿದವನ ಮೇಲೆ ಪರಿಹಾರದ ದಾವೆ ಹಾಕಬಹುದಾ? (ಹಾಸನ)

ಹೊಲಿಗೆ ಅಂಗಡಿ, ಹಾಸನ

ನಮಸ್ಕಾರ. ಕಾನೂನು ಗೊತ್ತಿರುವವರು, ಇಂಥ ದಾವೆ ನಡೆಸಿದವರು ಇದ್ದರೆ ದಯವಿಟ್ಟು ಉತ್ತರ ಕೊಡಿ.

ನನಗೆ 34 ವರ್ಷ. ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇದೆ. ಇಬ್ಬರೂ ಒಪ್ಪಿ ಡಿವೋರ್ಸ್ ಆಯಿತು. ಅದಾಗಿ ಕೆಲವು ತಿಂಗಳಿಗೆ, ಕಳೆದ ವರ್ಷ ಶ್ರಾವಣದಲ್ಲಿ, ಅವನು ಅಂಗಡಿಗೆ ಬಂದು ಕಬ್ಬಿಣದ ರಾಡಿನಲ್ಲಿ ಹೊಡೆದ. ಬಲಗೈ ಮಣಿಕಟ್ಟಿನ ಹತ್ತಿರ ಎರಡು ಮೂಳೆ ಮುರಿದು ಪ್ಲೇಟ್ ಹಾಕಿದ್ದಾರೆ. ಪೊಲೀಸ್ ಕೇಸಾಗಿದೆ, ಚಾರ್ಜ್‌ಶೀಟ್ ಹಾಕಿದ್ದಾರೆ, ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಸಕಲೇಶಪುರದ ಕಡೆ ಅವರ ತೋಟ ಇದೆ.

ಈಗ ಊರಿನ ಹಿರಿಯರು ಬಂದು, ಒಂದು ಲಕ್ಷ ಕೊಡಿಸುತ್ತೇವೆ, ರಾಜಿ ಪತ್ರಕ್ಕೆ ಸಹಿ ಹಾಕಮ್ಮ ಅನ್ನುತ್ತಿದ್ದಾರೆ. ಆಪರೇಷನ್ನಿಗೇ ಅದಕ್ಕಿಂತ ಜಾಸ್ತಿ ಆಗಿದೆ. ಕತ್ತರಿ ಹಿಡಿದರೆ ಹತ್ತು ನಿಮಿಷಕ್ಕೆ ಕೈ ಜೋಮು ಹಿಡಿಯುತ್ತದೆ. ಕಟಿಂಗ್‌ಗೆ ಬೇರೆ ಹುಡುಗಿ ಇಟ್ಟುಕೊಂಡಿದ್ದೇನೆ. ಅವನಿಗೆ ಜೈಲಾದರೂ ನನ್ನ ಕೈ ಖರ್ಚು, ನನ್ನ ದುಡಿಮೆ ಯಾರು ತುಂಬಿಕೊಡುತ್ತಾರೆ? ನಷ್ಟ ಪರಿಹಾರಕ್ಕೆ ನಾನೇ ದಾವೆ ಹಾಕಬಹುದಾ? ಡಿವೋರ್ಸ್ ಪತ್ರದಲ್ಲಿ "ಮುಂದೆ ಒಬ್ಬರ ಮೇಲೊಬ್ಬರು ಯಾವ ಹಕ್ಕೂ ಕೇಳುವುದಿಲ್ಲ" ಅಂತ ಬರೆದಿದೆ. ಎಂಟು ಲಕ್ಷ ಜೀವನಾಂಶ ಕೊಟ್ಟಾಗಿದೆ, ಇನ್ನೇನೂ ಕೇಳುವ ಹಾಗಿಲ್ಲ ಅಂತ ಅವರ ಕಡೆಯವರ ವಾದ.

ಆಲೂರು ಕಡೆಯವನು

ತಂಗಿ, ಓದಿ ಸಂಕಟ ಆಯ್ತು. ಆದರೂ ಅಣ್ಣನ ಹಾಗೆ ಹೇಳುತ್ತೇನೆ. ಸಿವಿಲ್ ಕೋರ್ಟ್ ಅಂದರೆ ವರ್ಷಗಟ್ಟಲೆ ವಾಯಿದೆ. ನಮ್ಮ ಮನೆಯ ಭಾಗದ ದಾವೆ ಅಪ್ಪನ ಕಾಲದಲ್ಲಿ ಶುರುವಾಗಿದ್ದು, ಈಗ ನಾನು ಓಡಾಡುತ್ತಿದ್ದೇನೆ. ಕ್ರಿಮಿನಲ್ ಕೇಸ್ ಹೇಗೂ ಇದೆ. ಒಂದು ಲಕ್ಷವನ್ನು ಎರಡು ಮೂರಕ್ಕೆ ಏರಿಸಿ ಮಾತಾಡಿ, ತಗೊಂಡು ನೆಮ್ಮದಿಯಾಗಿರಿ.

ವಕೀಲೆ, ಹಾಸನ

ದಾವೆ ಹಾಕಬಹುದು. ನಿಮ್ಮ ವಿಷಯದಲ್ಲಿ ಹಾಕಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಸ್ವಲ್ಪ ಉದ್ದ ಬರೆಯುತ್ತೇನೆ.

ಒಬ್ಬರು ಇನ್ನೊಬ್ಬರ ಮೈಮೇಲೆ ಕೈ ಮಾಡಿ ಗಾಯ ಮಾಡಿದರೆ ಅದು ಸರ್ಕಾರದ ವಿರುದ್ಧದ ಅಪರಾಧವೂ ಹೌದು, ಗಾಯಗೊಂಡವರಿಗೆ ಮಾಡಿದ ಅನ್ಯಾಯವೂ ಹೌದು. ಮೊದಲನೆಯದಕ್ಕೆ ಶಿಕ್ಷೆ. ಎರಡನೆಯದಕ್ಕೆ ಪರಿಹಾರ. ಪೊಲೀಸ್ ಕೇಸಿನಲ್ಲಿ ನೀವು ಬರೀ ಸಾಕ್ಷಿ. ಸಿವಿಲ್ ದಾವೆಯಲ್ಲಿ ನೀವು ವಾದಿ. ಕೇಸ್ ನಡೆಸುವುದು, ರಾಜಿ ಮಾಡಿಕೊಳ್ಳುವುದು, ಎಷ್ಟು ಕೇಳಬೇಕು ಅನ್ನುವುದು, ಎಲ್ಲ ನಿಮ್ಮ ಕೈಯಲ್ಲಿ ಇರುತ್ತದೆ. ಹೊಡೆದವನು ಒಂದು ಕಾಲದಲ್ಲಿ ಗಂಡ ಆಗಿದ್ದ ಅನ್ನುವ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲ.

ಜೀವನಾಂಶದ ಮಾತು ಬಿಡಿ. ಆ ಎಂಟು ಲಕ್ಷ ಮದುವೆ ಮುಗಿದದ್ದಕ್ಕೆ. ಆಮೇಲೆ ಮುರಿದ ಕೈಗೆ ಅದನ್ನು ಜಮಾ ಮಾಡಿಕೊಳ್ಳಲು ಬರುವುದಿಲ್ಲ. "ಹಕ್ಕು ಕೇಳುವುದಿಲ್ಲ" ಅನ್ನುವ ಸಾಲು ಸಾಮಾನ್ಯವಾಗಿ ಸಹಿ ಹಾಕಿದ ದಿನದವರೆಗಿನ ವ್ಯವಹಾರಕ್ಕೆ ಸೇರಿದ್ದು. ಮುಂದೆ ಬಂದು ಹೊಡೆದರೂ ಕೇಳುವುದಿಲ್ಲ ಅಂತ ಯಾರೂ ಮೊದಲೇ ಬರೆದುಕೊಡಲು ಆಗುವುದಿಲ್ಲ. ಅಂಥ ಕರಾರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಮದುವೆಯಲ್ಲಿದ್ದಾಗಲೂ ಹೊಡೆತ ಆಗಿದ್ದರೆ ಅದು ಬೇರೆ ಪ್ರಶ್ನೆ, ಪತ್ರದ ಪೂರ್ತಿ ಒಕ್ಕಣೆ ನೋಡಬೇಕು.

ಎಲ್ಲಕ್ಕಿಂತ ಮುಖ್ಯ ಕಾಲಮಿತಿ. ಇಂಥ ದಾವೆಗೆ 1963ರ ಕಾಲಮಿತಿ ಕಾಯ್ದೆಯ 113ನೇ ವಿಧಿ ಪ್ರಕಾರ ಮೂರು ವರ್ಷ, ಹೊಡೆದ ದಿನದಿಂದ. ಕ್ರಿಮಿನಲ್ ಕೇಸ್ ಮುಗಿಯಲಿ, ಆಮೇಲೆ ನೋಡೋಣ ಅಂತ ಜನ ಕಾಯುತ್ತಾರೆ. ಆ ಕೇಸ್ ಮುಗಿಯುವುದರೊಳಗೆ ಮೂರು ವರ್ಷ ದಾಟಿರುತ್ತದೆ. ಎರಡೂ ಒಟ್ಟಿಗೆ ನಡೆಯಬಹುದು. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ಹಾಗೆ ಸಾಬೀತಾಗಬೇಕು. ಇಲ್ಲಿ ಯಾರ ಕಡೆ ಸತ್ಯದ ತೂಕ ಜಾಸ್ತಿ ಅಂತ ನೋಡುತ್ತಾರೆ. ಹಾಗಾಗಿ ಅಲ್ಲಿ ಅವನು ಬಿಡುಗಡೆಯಾದರೂ ಇಲ್ಲಿ ನೀವು ಗೆಲ್ಲಬಹುದು.

ರಾಜಿ ಪತ್ರಕ್ಕೆ ಸದ್ಯ ಸಹಿ ಹಾಕಬೇಡಿ. ಚಾರ್ಜ್‌ಶೀಟಿನಲ್ಲಿ ಯಾವ ಕಲಮು ಹಾಕಿದ್ದಾರೆ ಹೇಳಿ.

ಹೊಲಿಗೆ ಅಂಗಡಿ, ಹಾಸನ

ಮೇಡಂ, ಪೇಪರ್ ನೋಡಿ ಬರೆಯುತ್ತಿದ್ದೇನೆ. ಭಾರತೀಯ ನ್ಯಾಯ ಸಂಹಿತೆ 118(2), 351, 329 ಅಂತ ಇದೆ. ಇನ್ನೊಂದು ವಿಷಯ. ಅವನ ತಮ್ಮನೂ ಬಂದಿದ್ದ. ಹೊಡೆಯಲಿಲ್ಲ. ಆದರೆ ಅಂಗಡಿ ಷಟರ್ ಅರ್ಧ ಎಳೆದು, ಯಾರೂ ಒಳಗೆ ಬರದ ಹಾಗೆ ನಿಂತಿದ್ದ. ಅವನ ಹೆಸರೂ ಚಾರ್ಜ್‌ಶೀಟಿನಲ್ಲಿದೆ.

ವಕೀಲೆ, ಹಾಸನ

118(2) ಅಂದರೆ ಅಪಾಯಕಾರಿ ಆಯುಧದಿಂದ ತೀವ್ರ ಗಾಯ. ಕನಿಷ್ಠ ಒಂದು ವರ್ಷ, ಹತ್ತು ವರ್ಷದವರೆಗೆ, ಜೀವಾವಧಿವರೆಗೂ ಶಿಕ್ಷೆ ಆಗಬಹುದು. ಇದು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ಹಿರಿಯರು ಜಗಲಿ ಮೇಲೆ ಕೂತು ಬರೆಸಿದ ಪತ್ರದಿಂದ ಈ ಕೇಸ್ ಮುಗಿಯುವುದಿಲ್ಲ. ಅವರಿಗೂ ಅವರ ವಕೀಲರು ಇದನ್ನು ಹೇಳಿರುತ್ತಾರೆ. ಹಾಗಾದರೆ ಸಹಿ ಯಾಕೆ ಬೇಕು? ನೀವು ಕಟಕಟೆಯಲ್ಲಿ ಬೇರೆ ಮಾತು ಹೇಳಲಿ ಅಂತ. ಆಮೇಲೆ ಪರಿಹಾರ ಕೇಳಿದರೆ "ಒಂದು ಲಕ್ಷಕ್ಕೆ ಎಲ್ಲ ತೀರಿದೆ" ಅಂತ ಅದೇ ಪತ್ರ ತೋರಿಸಬಹುದು.

ತಮ್ಮನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಒಟ್ಟಿಗೆ ಬಂದು ಒಂದೇ ಕೃತ್ಯದಲ್ಲಿ ಕೈಜೋಡಿಸಿದವರು ಸಿವಿಲ್ ದಾವೆಯಲ್ಲಿ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. ಅವನನ್ನು ಎರಡನೇ ಪ್ರತಿವಾದಿ ಮಾಡಿ.

ಮೂಡಿಗೆರೆ ತೋಟ

ಒಂದು ಸಂದೇಹ. ಮಹಿಳೆಯರಿಗೆ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆಯಲ್ವಾ? ಅದರಲ್ಲೇ ಪರಿಹಾರ ಸಿಗುತ್ತದೆ ಅಂತ ಕೇಳಿದ್ದೆ. ಬೇರೆ ದಾವೆ ಯಾಕೆ?

ವಕೀಲೆ, ಹಾಸನ

ಒಳ್ಳೆಯ ಪ್ರಶ್ನೆ. ಆ ಕಾಯ್ದೆ 2005ರದ್ದು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. 20ನೇ ಕಲಮಿನಲ್ಲಿ ಚಿಕಿತ್ಸೆ ಖರ್ಚು, ದುಡಿಮೆ ನಷ್ಟ ಕೇಳಬಹುದು. 22ನೇ ಕಲಮಿನಲ್ಲಿ ಗಾಯಕ್ಕೂ ಮಾನಸಿಕ ಹಿಂಸೆಗೂ ಪರಿಹಾರ ಕೇಳಬಹುದು. ಡಿವೋರ್ಸ್ ಆಯಿತು ಅಂತ ಹಿಂದಿನ ಹಿಂಸೆಯ ಹೊಣೆ ತಪ್ಪುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಜುವೇರಿಯಾ ಪಟ್ನಿ ಪ್ರಕರಣದಲ್ಲಿ ಹೇಳಿದೆ. ಈ ಅರ್ಜಿಗೆ ಒಂದು ವರ್ಷದ ಕಾಲಮಿತಿ ಅಡ್ಡ ಬರುವುದಿಲ್ಲ ಅಂತ 2022ರಲ್ಲಿ ಕಾಮಾಕ್ಷಿ ಪ್ರಕರಣದಲ್ಲಿ ತೀರ್ಪಾಗಿದೆ.

ಆದರೆ ಇವರ ಕೈ ಮುರಿದದ್ದು ಡಿವೋರ್ಸ್ ಆದ ಮೇಲೆ. ಸಂಬಂಧವೇ ಮುಗಿದ ಮೇಲೆ ನಡೆದದ್ದು ಕೌಟುಂಬಿಕ ದೌರ್ಜನ್ಯ ಹೇಗಾಗುತ್ತದೆ ಅಂತ ಎದುರು ವಕೀಲರು ಖಂಡಿತ ಎತ್ತುತ್ತಾರೆ. ಆ ವಾದದಲ್ಲೇ ವರ್ಷ ಕಳೆಯಬಹುದು. ಸಿವಿಲ್ ದಾವೆಗೆ ಆ ತೊಡಕಿಲ್ಲ. ದಾರಿಯಲ್ಲಿ ಹೋಗುವವನು ಬಂದು ಹೊಡೆದಿದ್ದರೆ ಯಾವ ಹಕ್ಕು ಇರುತ್ತಿತ್ತೋ ಅದೇ ಹಕ್ಕು ಇದು. ಮದುವೆಯಲ್ಲಿದ್ದಾಗಿನ ಹೊಡೆತಗಳಿಗೆ ಬೇಕಾದರೆ ಆ ಕಾಯ್ದೆಯಲ್ಲಿ ಪ್ರತ್ಯೇಕ ಅರ್ಜಿ ಹಾಕಬಹುದು. ಅಲ್ಲಿ ಸಿಕ್ಕ ಹಣ ಅದೇ ಗಾಯದ ಸಿವಿಲ್ ಡಿಕ್ರಿಯಲ್ಲಿ (ಹಣ ಕೊಡಬೇಕು ಅನ್ನುವ ಕೋರ್ಟ್ ತೀರ್ಮಾನದಲ್ಲಿ) ಕಳೆಯಲಾಗುತ್ತದೆ, ಅಷ್ಟೇ.

ಎಲ್ಲಿ ಹಾಕಬೇಕು ಅಂತ ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಮು ಪ್ರಕಾರ ಅನ್ಯಾಯ ನಡೆದ ಜಾಗದಲ್ಲಾದರೂ ಹಾಕಬಹುದು, ಪ್ರತಿವಾದಿ ಇರುವ ಊರಿನಲ್ಲಾದರೂ ಹಾಕಬಹುದು. ಆ ಕಲಮಿನ ಕೆಳಗೇ ಉದಾಹರಣೆ ಇದೆ: ದೆಹಲಿಯವನು ಕಲ್ಕತ್ತಾದಲ್ಲಿ ಹೊಡೆದರೆ ಎರಡೂ ಕಡೆ ದಾವೆ ನಡೆಯುತ್ತದೆ. ಅಂಗಡಿ ಹಾಸನದಲ್ಲಿದೆ. ಸಕಲೇಶಪುರಕ್ಕೆ ಓಡಾಡುವುದು ಬೇಡ, ಹಾಸನದಲ್ಲೇ ಹಾಕಿ.

ಕಡೂರು ಅಕ್ಕ

ತಂಗಿ, ನಾನು ಈ ದಾರಿ ತುಳಿದವಳು. ನನ್ನದು ಮದುವೆಯಲ್ಲಿದ್ದಾಗಿನ ಹೊಡೆತ, ದೌರ್ಜನ್ಯ ಕಾಯ್ದೆಯಲ್ಲಿ ಹೋದೆ. ಹಣ ಬಂತು. ತಡವಾಗಿ ಬಂತು, ಆದರೆ ಬಂತು.

ಆಲೂರಿನ ಅಣ್ಣ ಹೇಳಿದ ಮಾತನ್ನು ನನಗೂ ಎಲ್ಲರೂ ಹೇಳಿದ್ದರು. ನೆಮ್ಮದಿಯಾಗಿರು ಅಂತ. ನೆಮ್ಮದಿ ಯಾರಿಗೆ ಸಿಕ್ಕಿತು ಅನ್ನುವುದನ್ನು ಯೋಚನೆ ಮಾಡಿ. ಹೊಡೆದವನ ಮನೆಯಲ್ಲಿ ಎಲ್ಲ ಮುಗಿಯಿತು ಅಂತ ಊಟ ಮಾಡಿ ಮಲಗುತ್ತಾರೆ. ನಮ್ಮ ಮನೆಯಲ್ಲಿ ಫಿಸಿಯೋಥೆರಪಿ ಬಿಲ್ಲು, ಚಳಿಗಾಲಕ್ಕೆ ನೋವು, ಕಟಿಂಗ್ ಹುಡುಗಿಗೆ ಸಂಬಳ. ಈ ಲೆಕ್ಕ ಅವನ ತಲೆ ಮೇಲೆ ಹೋಗಬೇಕು. ನಿನ್ನ ತಲೆ ಮೇಲಲ್ಲ.

ಕೋರ್ಟಿನಲ್ಲಿ ನನ್ನನ್ನು ಉಳಿಸಿದ್ದು ಕಾಗದಗಳು. ಆವತ್ತು ಆಸ್ಪತ್ರೆಯಲ್ಲಿ "ಬಿದ್ದೆ" ಅನ್ನದೆ "ಹೊಡೆದರು" ಅಂತ ಹೇಳಿ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆಯ ದಾಖಲೆ) ಮಾಡಿಸಿದ್ದೆ. ಎಷ್ಟೋ ಹೆಣ್ಣುಮಕ್ಕಳು ಮರ್ಯಾದೆಗೆ ಅಂಜಿ ಮೆಟ್ಟಿಲಿಂದ ಬಿದ್ದೆ ಅಂತ ಬರೆಸುತ್ತಾರೆ. ಆಮೇಲೆ ಪಾಟಿ ಸವಾಲಿನಲ್ಲಿ ಅದೇ ಚೀಟಿ ಎದುರು ಬಂದು ನಿಲ್ಲುತ್ತದೆ. ನೀನು ಏನು ಬರೆಸಿದ್ದೆ?

ಹೊಲಿಗೆ ಅಂಗಡಿ, ಹಾಸನ

ಅಕ್ಕ, ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವರೇ ಹೊಡೆತದ ಕೇಸ್ ಅಂತ ಹೇಳಿದರು. ಎಂಎಲ್‌ಸಿ ನಂಬರ್ ಇದೆ, ಗಾಯದ ಸರ್ಟಿಫಿಕೇಟ್ ಪೊಲೀಸರ ಹತ್ತಿರ ಇದೆ. ಆಪರೇಷನ್ ಖಾಸಗಿಯಲ್ಲಿ ಆಯಿತು. ಬಿಲ್ಲುಗಳು ಕೆಲವು ಇವೆ, ಮಾತ್ರೆಯ ಚೀಟಿಗಳು ಎಲ್ಲ ಇಲ್ಲ.

ಮೂಳೆ ಡಾಕ್ಟರ್, ಚಿಕ್ಕಮಗಳೂರು

ವೈದ್ಯನಾಗಿ ಎರಡು ಮಾತು. ಇಂಥ ಕೇಸುಗಳಲ್ಲಿ ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದೇನೆ.

ಗಾಯದ ಸರ್ಟಿಫಿಕೇಟ್ ಹೇಳುವುದು ಆವತ್ತು ಏನಾಗಿತ್ತು ಅನ್ನುವುದನ್ನು. ಪರಿಹಾರಕ್ಕೆ ಬೇಕಾದದ್ದು ಈಗ ಏನು ಉಳಿದಿದೆ ಅನ್ನುವುದು. ಮೂಳೆ ಕೂಡಿ, ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ ಅಂಗವೈಕಲ್ಯ ಎಷ್ಟು ಅಂತ ಅಳೆಸಿ. ಮಣಿಕಟ್ಟು ಎಷ್ಟು ಮಡಚುತ್ತದೆ, ಎಷ್ಟು ತಿರುಗುತ್ತದೆ, ಹಿಡಿತದ ಬಲ ಎಡಗೈಗೆ ಹೋಲಿಸಿದರೆ ಎಷ್ಟು, ಇವನ್ನೆಲ್ಲ ಅಳೆದು ಬರೆಯಬೇಕು. ಕೈ ಜೋಮು ಹಿಡಿಯುತ್ತದೆ ಅಂದಿರಿ. ಅದು ನರಕ್ಕೆ ಸಂಬಂಧಿಸಿದ್ದಿರಬಹುದು. ನರದ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ದಾವೆಗಿಂತ ಮೊದಲು ನಿಮ್ಮ ಕೈಗೇ ಅದು ಬೇಕು, ತಡ ಮಾಡಬೇಡಿ.

ಪ್ಲೇಟ್ ತೆಗೆಯಬೇಕಾಗಿ ಬಂದರೆ ಇನ್ನೊಂದು ಆಪರೇಷನ್. ಅದರ ಅಂದಾಜು ಖರ್ಚನ್ನು ಡಾಕ್ಟರ್ ಹತ್ತಿರ ಈಗಲೇ ಬರೆಸಿಕೊಳ್ಳಿ. ಚಿಕಿತ್ಸೆ ಕೊಟ್ಟ ಡಾಕ್ಟರೇ ಬಂದು ಸಾಕ್ಷಿ ಹೇಳುವುದು ಒಳ್ಳೆಯದು. ಬರುತ್ತಾರಾ ಅಂತ ಮೊದಲೇ ವಿಚಾರಿಸಿ. ಕಳೆದುಹೋದ ಬಿಲ್ಲುಗಳ ನಕಲು ಆಸ್ಪತ್ರೆ ಕೌಂಟರಿನಲ್ಲಿ, ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿದರೆ ಎಷ್ಟೋ ಸಲ ಸಿಗುತ್ತದೆ.

ಆಲೂರು ಕಡೆಯವನು

ಕಡೂರಿನ ಅಕ್ಕ ಹೇಳಿದ್ದು ಒಪ್ಪುತ್ತೇನೆ. ಆದರೂ ಕೇಳುತ್ತೇನೆ, ಎಷ್ಟು ಕೇಳಬೇಕು ಅಂತ ಯಾವ ಲೆಕ್ಕದಲ್ಲಿ? ಸುಮ್ನೆ ಐವತ್ತು ಲಕ್ಷ ಅಂದರೆ ಕೋರ್ಟ್ ಫೀಸೇ ತಲೆ ಮೇಲೆ ಬರುತ್ತದೆ.

ವಕೀಲೆ, ಹಾಸನ

ಸರಿಯಾದ ಪ್ರಶ್ನೆ ಅಣ್ಣ. ಹಣದ ದಾವೆಗೆ ಕೇಳಿದ ಮೊತ್ತದ ಮೇಲೆ ಕೋರ್ಟ್ ಫೀ. ಬಾಯಿಗೆ ಬಂದ ಮೊತ್ತ ಹಾಕಿದರೆ ಫೀಸೂ ಏರುತ್ತದೆ, ನ್ಯಾಯಾಧೀಶರಿಗೂ ನಂಬಿಕೆ ಬರುವುದಿಲ್ಲ.

ಗಾಯದ ಬೆಲೆ ಕಟ್ಟುವ ಲೆಕ್ಕ ನಮ್ಮ ಕೋರ್ಟುಗಳಿಗೆ ಮೋಟಾರು ಅಪಘಾತದ ಕೇಸುಗಳಿಂದ ಚೆನ್ನಾಗಿ ಗೊತ್ತು. ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಬಾಬ್ತುಗಳನ್ನು ಬಿಡಿಸಿ ಹೇಳಿದೆ: ಚಿಕಿತ್ಸೆಯ ಖರ್ಚು, ಚಿಕಿತ್ಸೆ ಹೊತ್ತಿನಲ್ಲಿ ಹೋದ ದುಡಿಮೆ, ಶಾಶ್ವತ ವೈಕಲ್ಯದಿಂದ ಮುಂದೆ ಹೋಗುವ ದುಡಿಮೆ, ಮುಂದಿನ ಚಿಕಿತ್ಸೆ, ನೋವು ಸಂಕಟ, ಬದುಕಿನ ಸುಖ ಕಳೆದುಕೊಂಡದ್ದು. ಅಲ್ಲಿನ ಒಂದು ಮಾತು ಇವರಿಗೆ ತುಂಬಾ ಮುಖ್ಯ. ಡಾಕ್ಟರ್ ಕೊಟ್ಟ ಶೇಕಡಾವಾರು ಬೇರೆ, ಅದರಿಂದ ದುಡಿಮೆಗೆ ಬಿದ್ದ ಪೆಟ್ಟು ಬೇರೆ. ಪಾಠ ಹೇಳುವ ಮೇಷ್ಟ್ರಿಗೆ ಮಣಿಕಟ್ಟು ಹೋದರೆ ಸಂಬಳ ಹೋಗುವುದಿಲ್ಲ. ಹೊಲಿಗೆಯವರಿಗೆ ಬಲಗೈಯೇ ಅಂಗಡಿ.

ಉದಾಹರಣೆಗೆ ತಿಂಗಳಿಗೆ 18,000 ದುಡಿಮೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 2,16,000. ದುಡಿಯುವ ಶಕ್ತಿ ಶೇ. 25ರಷ್ಟು ಕುಗ್ಗಿದೆ ಅಂತಾದರೆ ವರ್ಷಕ್ಕೆ 54,000 ನಷ್ಟ. 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ 31ರಿಂದ 35 ವಯಸ್ಸಿಗೆ ಗುಣಕ (ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ) 16. ಹಾಗಾದರೆ 8,64,000. ಇದು ಒಂದು ಬಾಬ್ತು ಮಾತ್ರ. ಸಿವಿಲ್ ಜಡ್ಜ್ ಈ ಕೋಷ್ಟಕವನ್ನೇ ಹಿಡಿಯಬೇಕು ಅಂತ ಕಡ್ಡಾಯ ಇಲ್ಲ, ಆದರೆ ಆಧಾರ ಇರುವ ಲೆಕ್ಕ ಅಂತ ತೋರಿಸಬಹುದು. ಒಂದು ಲಕ್ಷದ ರಾಜಿ ಎಷ್ಟು ಕಡಿಮೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ದುಡಿಮೆ ತೋರಿಸಲು ಆರ್ಡರ್ ಬುಕ್, ಫೋನ್‌ಪೇ ಸ್ಟೇಟ್‌ಮೆಂಟ್, ಅಂಗಡಿ ಬಾಡಿಗೆ ಕರಾರು, ದಾರ ಲೈನಿಂಗ್ ಕೊಂಡ ಬಿಲ್ಲು ಎಲ್ಲವೂ ಆಗುತ್ತವೆ. ಕಟಿಂಗ್ ಹುಡುಗಿಗೆ ಕೊಡುವ ಸಂಬಳವನ್ನು ಇವತ್ತಿನಿಂದ ಬ್ಯಾಂಕ್ ಮೂಲಕ ಕೊಡಿ.

ಇನ್ನು ಫೀಸಿನ ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮು ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ವಕೀಲರ ಜೊತೆಗೆ ಕೋರ್ಟ್ ಫೀಸಿಗೂ ಅಲ್ಲೇ ಕೇಳಬಹುದು. ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಸಂತ್ರಸ್ತರ ಪರಿಹಾರ ಯೋಜನೆಯ ಅರ್ಜಿಯನ್ನೂ ಅಲ್ಲೇ ಕೊಡಿ. ಅದು ಸರ್ಕಾರದ ನಿಧಿಯಿಂದ ಬರುವ ಹಣ. ಅವನ ಹತ್ತಿರ ವಸೂಲಾಗುವವರೆಗೆ ಕಾಯಬೇಕಾಗಿಲ್ಲ.

ಅರಸೀಕೆರೆಯವನು

ಗಂಡಸರಿಗೂ ಇದು ಅನ್ವಯ ಆಗುತ್ತದಾ? ನನ್ನ ಮಾಜಿ ಹೆಂಡತಿಯ ಅಣ್ಣಂದಿರು ಸಂತೆಯಲ್ಲಿ ಹಿಡಿದು ಹೊಡೆದು ಎರಡು ಹಲ್ಲು ಉದುರಿಸಿದರು. ಹೇಳಿಕೊಂಡರೆ ಜನ ನಗುತ್ತಾರೆ.

ವಕೀಲೆ, ಹಾಸನ

ಆಗುತ್ತದೆ ಸರ್. ದೌರ್ಜನ್ಯ ಕಾಯ್ದೆ ಹೆಣ್ಣುಮಕ್ಕಳಿಗೆ ಮಾತ್ರ. ಸಿವಿಲ್ ದಾವೆಗೆ ಗಂಡು ಹೆಣ್ಣು ಅನ್ನುವುದಿಲ್ಲ. ಹಲ್ಲು ಮುರಿದರೂ ಕಾನೂನಿನಲ್ಲಿ ಅದು ತೀವ್ರ ಗಾಯವೇ. ನಗುವಂಥದ್ದು ಇದರಲ್ಲಿ ಏನೂ ಇಲ್ಲ. ಮೂರು ವರ್ಷ ದಾಟಿಲ್ಲ ಅಂದರೆ ಬೇರೆ ಚರ್ಚೆ ತೆರೆದು ವಿವರ ಬರೆಯಿರಿ.

ನಿವೃತ್ತ ಶಿರಸ್ತೇದಾರ್

ಎಲ್ಲರೂ ದಾವೆ ಗೆಲ್ಲುವ ಮಾತು ಆಡುತ್ತಿದ್ದೀರಿ. ನಾನು ಕೋರ್ಟಿನ ಅಮಲ್ಜಾರಿ ಶಾಖೆಯಲ್ಲಿ, ಅಂದರೆ ಡಿಕ್ರಿ ಜಾರಿ ಮಾಡಿಸುವ ಕಡೆ, ಕೆಲಸ ಮಾಡಿದವನು. ಡಿಕ್ರಿ ಕೈಗೆ ಬಂದ ದಿನ ಖುಷಿಯಾಗಿ ಹೋದವರು, ವಸೂಲಿಗೆ ಏನೂ ಸಿಗದೆ ವಾಪಸ್ ಬಂದು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಅದಕ್ಕೇ ಇದನ್ನು ದಾವೆ ಹಾಕುವ ಮೊದಲೇ ಯೋಚಿಸಿ ಅಂತ ಕೇಳಿಕೊಳ್ಳುತ್ತೇನೆ.

ಅಮ್ಮ, ಮೊದಲು ಅವನ ಹೆಸರಿನಲ್ಲಿ ಏನಿದೆ ನೋಡಿ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ಸರ್ಕಾರದ "ಭೂಮಿ" ವೆಬ್‌ಸೈಟಿನಲ್ಲಿ ಸಿಗುತ್ತದೆ. ಇಸಿ, ಅಂದರೆ ಜಮೀನಿನ ಮೇಲೆ ಆದ ನೋಂದಣಿಗಳ ಪಟ್ಟಿ, ನೋಂದಣಿ ಇಲಾಖೆಯ "ಕಾವೇರಿ" ವೆಬ್‌ಸೈಟಿನಲ್ಲಿ ತೆಗೆಸಿ. ಪಹಣಿಯಲ್ಲಿ ಜಂಟಿ ಹೆಸರಿದ್ದರೂ ಚಿಂತೆಯಿಲ್ಲ, ಅವನ ಪಾಲು ಜಪ್ತಿಗೆ ಬರುತ್ತದೆ. ರೈತನೇ ವಾಸ ಇರುವ ಮನೆಯನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಬಿಡುವುದಿಲ್ಲ. ಆದರೆ ತೋಟಕ್ಕೆ ಆ ರಕ್ಷಣೆ ಇಲ್ಲ. ಫಸಲನ್ನೂ ಜಪ್ತಿ ಮಾಡಬಹುದು, ಅದೇ ಸಂಹಿತೆಯ ಆದೇಶ 21ರ 44ನೇ ನಿಯಮ. ಕಾಫಿ ಮಾರಿ ಹಣ ಇನ್ನೂ ವ್ಯಾಪಾರಿಯ ಕೈಯಲ್ಲೇ ಇದ್ದರೆ, ಆ ವ್ಯಾಪಾರಿಗೇ ನೋಟಿಸ್ ಕೊಡಿಸಿ ಹಣವನ್ನು ಕೋರ್ಟಿಗೆ ಕಟ್ಟಿಸಬಹುದು. ಕುಯ್ಲಿನ ಕಾಲ ಗೊತ್ತಿರುವವರಿಗೆ ಇದು ದೊಡ್ಡ ಅಸ್ತ್ರ. ಡಿಕ್ರಿಗೆ ಹನ್ನೆರಡು ವರ್ಷ ಆಯುಸ್ಸು. ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು ಅಂತ 2021ರಲ್ಲಿ ರಾಹುಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ವಕೀಲರು ಅದನ್ನು ಕೋರ್ಟಿಗೆ ನೆನಪಿಸಲಿ.

ಹೊಲಿಗೆ ಅಂಗಡಿ, ಹಾಸನ

ಸರ್, ನೀವು ಹೇಳಿದ ಹಾಗೆ ಇವತ್ತು ಇಸಿ ತೆಗೆಸಿದೆ. ಅವನ ಹೆಸರಿನಲ್ಲಿದ್ದ ಎರಡು ಎಕರೆಯನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿದ್ದಾನೆ. ಜಾಮೀನು ಸಿಕ್ಕ ಮೇಲೆ ಮಾಡಿದ್ದು. ಇನ್ನು ಒಂದೂವರೆ ಎಕರೆ ಅವನ ಹೆಸರಿನಲ್ಲಿ ಉಳಿದಿದೆ. ಕೈಕಾಲು ಆಡುತ್ತಿಲ್ಲ. ನಾನು ದಾವೆ ಹಾಕುವುದರೊಳಗೆ ಎಲ್ಲ ಹೋಗುತ್ತದೇನೋ.

ನಿವೃತ್ತ ಶಿರಸ್ತೇದಾರ್

ಧೈರ್ಯ ತಂದುಕೊಳ್ಳಿ ಅಮ್ಮ. ಉಳಿದ ಒಂದೂವರೆ ಎಕರೆಗೆ ದಾವೆಯ ಜೊತೆಗೇ ತೀರ್ಪಿಗೆ ಮುಂಚಿನ ಜಪ್ತಿ ಕೇಳಿ. ಆದೇಶ 38ರ 5ನೇ ನಿಯಮ. ಬರೀ ಭಯ ಇದೆ ಅಂದರೆ ಕೋರ್ಟ್ ಒಪ್ಪುವುದಿಲ್ಲ, ಡಿಕ್ರಿ ತಪ್ಪಿಸಲು ಆಸ್ತಿ ಸಾಗಿಸುತ್ತಿದ್ದಾನೆ ಅಂತ ತೋರಿಸಬೇಕು. ಆ ದಾನಪತ್ರವೇ ನಿಮ್ಮ ಸಾಕ್ಷಿ. ಹೊಡೆದ ಮೇಲೆ, ಜಾಮೀನಾದ ಮೇಲೆ, ಜೊತೆಗೆ ಬಂದಿದ್ದ ತಮ್ಮನಿಗೇ ದಾನ. ದಿನಾಂಕಗಳನ್ನು ಸಾಲಾಗಿ ಬರೆದು ಅಫಿಡವಿಟ್ ಹಾಕಿಸಿ. ಜಪ್ತಿ ಆದ ಮೇಲೆ ಅವನು ಮಾರಿದರೂ ನಿಮ್ಮ ಡಿಕ್ರಿಯ ಮಟ್ಟಿಗೆ ಆ ಮಾರಾಟ ನಿಲ್ಲುವುದಿಲ್ಲ.

ವಕೀಲೆ, ಹಾಸನ

ಶಿರಸ್ತೇದಾರರು ಹೇಳಿದ್ದಕ್ಕೆ ಸೇರಿಸುತ್ತೇನೆ. ಹೋದ ಎರಡು ಎಕರೆಯೂ ಪೂರ್ತಿ ಕೈತಪ್ಪಿಲ್ಲ. ಸಾಲಗಾರರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಮಿನಲ್ಲಿ ಪ್ರಶ್ನೆ ಮಾಡಬಹುದು. ಅದಕ್ಕಿಂತ ನೇರ ದಾರಿಯೂ ಇದೆ. ತಮ್ಮ ಎರಡನೇ ಪ್ರತಿವಾದಿ. ಅವನ ಮೇಲೂ ಡಿಕ್ರಿ ಆದರೆ ಆ ಜಮೀನು ಅವನ ಆಸ್ತಿಯಾಗಿಯೇ ವಸೂಲಿಗೆ ಸಿಗುತ್ತದೆ. ನಿಮ್ಮಿಂದ ತಪ್ಪಿಸಲು ಯಾರ ಕೈಗೆ ಕೊಟ್ಟರೋ ಅವನೇ ಹೊಣೆಗಾರನಾಗಿ ನಿಲ್ಲುತ್ತಾನೆ. ಷಟರ್ ಎಳೆದದ್ದನ್ನು ನೋಡಿದವರು ಯಾರು? ಪಕ್ಕದ ಅಂಗಡಿಯವರು ಹೇಳುತ್ತಾರಾ?

ಕಾಯದೇ ಇರಲು ಇನ್ನೊಂದು ಕಾರಣವನ್ನೂ ಹೇಳಬೇಕು. ಹೊಡೆತಕ್ಕೆ ಪರಿಹಾರ ಕೇಳುವ ಹಕ್ಕು ವ್ಯಕ್ತಿಗೆ ಅಂಟಿದ್ದು. ಡಿಕ್ರಿ ಆಗುವ ಮೊದಲೇ ಹೊಡೆದವನು ತೀರಿಕೊಂಡರೆ ಅವನ ವಾರಸುದಾರರ ಮೇಲೆ ಈ ಹಕ್ಕು ಮುಂದುವರಿಯುವುದಿಲ್ಲ, ಭಾರತೀಯ ಉತ್ತರಾಧಿಕಾರ ಕಾಯ್ದೆಯ 306ನೇ ಕಲಮು.

ಹೊಲಿಗೆ ಅಂಗಡಿ, ಹಾಸನ

ಪಕ್ಕದ ಅಂಗಡಿಯ ಅಣ್ಣ ನೋಡಿದ್ದಾರೆ. ಎದುರಿನ ಬೇಕರಿಯ ಸಿಸಿಟಿವಿಯಲ್ಲಿ ಇಬ್ಬರೂ ಬಂದದ್ದು ಇದೆ, ಪೊಲೀಸರು ತೆಗೆದುಕೊಂಡಿದ್ದಾರೆ. ಅಣ್ಣನನ್ನು ಕೇಳಿದೆ. "ಕಂಡದ್ದು ಹೇಳುವುದಕ್ಕೆ ಏನಮ್ಮ, ಬರ್ತೀನಿ" ಅಂದರು.

ರಾಜಿ ಪತ್ರಕ್ಕೆ ಸಹಿ ಹಾಕುವುದಿಲ್ಲ ಅಂತ ಹಿರಿಯರಿಗೆ ನಮ್ಮ ಅಪ್ಪ ಫೋನಿನಲ್ಲಿ ಹೇಳಿದರು. ಅವರಿಗೆ ಸಿಟ್ಟು ಬಂದಿದೆ. "ಹೆಣ್ಣುಮಗಳು ಕೋರ್ಟು ಕಚೇರಿ ಅಂತ ತಿರುಗಿದರೆ ಚೆನ್ನಾಗಿರಲ್ಲ" ಅಂದರಂತೆ. ಸೋಮವಾರ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತೇನೆ. ಏನೇನು ತೆಗೆದುಕೊಂಡು ಹೋಗಲಿ?

ಕಡೂರು ಅಕ್ಕ

ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗು. ರಾಜಿ ವಿಷಯಕ್ಕೆ ಯಾರಾದರೂ ಹೆದರಿಸಿದರೆ 112ಕ್ಕೆ ಫೋನ್ ಮಾಡು, ಕೇಸ್ ನಡೆಸುವ ಸರ್ಕಾರಿ ವಕೀಲರಿಗೂ ತಿಳಿಸು. ಸಾಕ್ಷಿಯನ್ನು ಹೆದರಿಸುವುದು ಜಾಮೀನಿನ ಷರತ್ತಿಗೆ ವಿರುದ್ಧ, ಜಾಮೀನು ರದ್ದು ಮಾಡಿಸಲು ಅರ್ಜಿ ಹಾಕಬಹುದು. ಮನಸ್ಸು ತೀರಾ ಕುಗ್ಗಿದರೆ 181ಕ್ಕೆ ಮಾಡು, ರಾತ್ರಿಯಾದರೂ ಮಾತಾಡುತ್ತಾರೆ.

ವಕೀಲೆ, ಹಾಸನ

ಆಧಾರ್, ಎಫ್ಐಆರ್, ಚಾರ್ಜ್‌ಶೀಟ್ ನಕಲು, ಎಂಎಲ್‌ಸಿ ನಂಬರ್, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಸಿಕ್ಕಿದ ಬಿಲ್ಲುಗಳು, ಡಿವೋರ್ಸ್ ಆದೇಶ ಮತ್ತು ಅದರ ಜೊತೆಗಿನ ಒಪ್ಪಂದ, ಇವತ್ತಿನ ಇಸಿ, ಪಹಣಿ. ಗಾಯದ ಸರ್ಟಿಫಿಕೇಟಿನ ದೃಢೀಕೃತ ನಕಲನ್ನು ಕ್ರಿಮಿನಲ್ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟು ಪಡೆಯಿರಿ. ಹಿರಿಯರು ತಂದಿದ್ದ ರಾಜಿ ಪತ್ರದ ಫೋಟೊ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ದಾವೆ ಪತ್ರವನ್ನು ಕನ್ನಡದಲ್ಲೇ ಬರೆಸಿ, ಸಹಿ ಹಾಕುವ ಮೊದಲು ಪ್ರತಿ ಸಾಲೂ ಓದಿ. ದಾನಪತ್ರದ ವಿಷಯವನ್ನು ಪ್ರಾಧಿಕಾರದಲ್ಲಿ ಮೊದಲ ಮಾತಿನಲ್ಲೇ ಹೇಳಿ, ಜಪ್ತಿ ಅರ್ಜಿ ತುರ್ತಾಗಿ ಬೇಕು ಅನ್ನಿ. ನೇಮಕ ಆದ ವಕೀಲರು ಯಾರು ಅಂತ ಗೊತ್ತಾದ ಮೇಲೆ ಇಲ್ಲಿ ಹೆಸರು ಹಾಕಬೇಡಿ, ಕೇಸ್ ನಂಬರ್ ಕೂಡ ಹಾಕಬೇಡಿ. ಎದುರಿನವರೂ ಓದುತ್ತಿರಬಹುದು.